ಮಳೆಗಾಲ ಪೂರ್ತಿ ನಿಲ್ಲುವ ಗಾಡಿಗೆ ಸಣ್ಣ ಸೋಲಾರ್: ಬ್ಯಾಟರಿ ಇಳಿಯದಂತೆ ಜೋಡಿಸುವ ಕ್ರಮ

ಸಕಲೇಶಪುರ, ಮೂಡಿಗೆರೆ, ಕೊಪ್ಪ ಕಡೆಯ ತೋಟದ ಮನೆಗಳಲ್ಲಿ ಸಾಮಾನ್ಯವಾಗಿ ಒಂದಕ್ಕಿಂತ ಜಾಸ್ತಿ ಗಾಡಿ ಇರುತ್ತವೆ. ದಿನಾ ಪೇಟೆಗೆ ಹೋಗಿಬರಲು ಒಂದು. ತೋಟದ ಕೆಲಸಕ್ಕೆ ಹಳೆ ಜೀಪೋ ಪಿಕಪ್ಪೋ ಇನ್ನೊಂದು. ಬೆಂಗಳೂರಲ್ಲಿರುವ ಮಕ್ಕಳು ಬಂದಾಗ ಮಾತ್ರ ಹೊರಗೆ ಬರುವ ಕಾರು ಮತ್ತೊಂದು. ಜೊತೆಗೆ ಟ್ರ್ಯಾಕ್ಟರ್, ಬೈಕು. ಕಾಫಿ ಕುಯ್ಲಿನ ಕಾಲದಲ್ಲಿ ಇವೆಲ್ಲ ಓಡುತ್ತವೆ. ಆರಿದ್ರ ಮಳೆ ಹಿಡಿಯಿತು ಅಂದರೆ ಅರ್ಧದಷ್ಟು ಶೆಡ್ಡಿನಲ್ಲೇ ನಿಂತುಬಿಡುತ್ತವೆ. ಮಳೆ ಬಿಟ್ಟ ಮೇಲೆ ಒಂದು ದಿನ ಕೀ ತಿರುಗಿಸಿದರೆ ಟಕ್ ಟಕ್ ಅನ್ನುತ್ತದೆ, ಅಷ್ಟೇ. ಆಮೇಲೆ ತಳ್ಳುವುದು, ಜಂಪರ್ ಕೇಬಲ್ ಹುಡುಕುವುದು, ಕೊನೆಗೆ ಹೊಸ ಬ್ಯಾಟರಿ.

ಇದಕ್ಕೆ ಸಣ್ಣ ಸೋಲಾರ್ ಪ್ಯಾನಲ್ ಒಳ್ಳೆಯ ಉಪಾಯ. ಹತ್ತು, ಇಪ್ಪತ್ತು ವ್ಯಾಟ್ ಇದ್ದರೆ ಬಹುಪಾಲು ಗಾಡಿಗಳಿಗೆ ಸಾಕು. ಆದರೆ ನಮ್ಮ ಕಡೆ ಒಂದು ತೊಡಕಿದೆ. ಪ್ಯಾನಲ್ಲಿನ ಕೆಲಸ ಬೇಕಾಗುವುದು ಬಿಸಿಲೇ ಇಲ್ಲದ ತಿಂಗಳುಗಳಲ್ಲಿ. ಪೆಟ್ಟಿಗೆ ಮೇಲಿನ ಲೆಕ್ಕವೆಲ್ಲ ಸುಡುಬಿಸಿಲಿನ ಲೆಕ್ಕ. ಹಾಗಾಗಿ ಪ್ಯಾನಲ್ ಎಷ್ಟು ದೊಡ್ಡದು, ಎಲ್ಲಿಡಬೇಕು, ಯಾವ ಕಡೆ ಬಾಗಿಸಬೇಕು ಅನ್ನುವುದನ್ನೆಲ್ಲ ಜುಲೈ ತಿಂಗಳನ್ನು ಮನಸ್ಸಲ್ಲಿಟ್ಟುಕೊಂಡು ತೀರ್ಮಾನಿಸಬೇಕು. ಮಾರ್ಚ್ ತಿಂಗಳು ತನ್ನಷ್ಟಕ್ಕೆ ನಡೆದುಹೋಗುತ್ತದೆ.

ನಿಂತ ಗಾಡಿಯ ಬ್ಯಾಟರಿ ಯಾಕೆ ಇಳಿಯುತ್ತದೆ

ಎರಡು ಕಾರಣ. ಮೊದಲನೆಯದು ಬ್ಯಾಟರಿಯ ಸ್ವಭಾವ. ಲೆಡ್ ಆಸಿಡ್ ಬ್ಯಾಟರಿ ಸುಮ್ನೆ ಇಟ್ಟರೂ ಒಳಗೊಳಗೇ ಇಳಿಯುತ್ತದೆ. ಒಳ್ಳೆಯ ಸ್ಥಿತಿಯಲ್ಲಿರುವುದು ತಿಂಗಳಿಗೆ ಸುಮಾರು ಮೂರರಿಂದ ಐದು ಪರ್ಸೆಂಟ್ ಕಳೆದುಕೊಳ್ಳುತ್ತದೆ. ಹಳೆಯದಾದರೆ ಇನ್ನೂ ಜಾಸ್ತಿ. ಸೆಖೆ ಏರಿದಷ್ಟೂ ಈ ಇಳಿತ ಚುರುಕಾಗುತ್ತದೆ. ಸುಮಾರು ಹತ್ತು ಡಿಗ್ರಿ ಏರಿದರೆ ಇಳಿತ ಎರಡರಷ್ಟಾಗುತ್ತದೆ ಎಂಬುದು ರೂಢಿಯ ಲೆಕ್ಕ. ಈ ವಿಷಯದಲ್ಲಿ ಕಡೂರು, ಅರಸೀಕೆರೆಯ ಬೇಸಿಗೆಗಿಂತ ಮಲೆನಾಡಿನ ತಂಪೇ ಬ್ಯಾಟರಿಗೆ ಒಳ್ಳೆಯದು.

ಎರಡನೆಯದು ಗಾಡಿ ಕದ್ದು ಕುಡಿಯುವ ಕರೆಂಟು. ಕೀ ತೆಗೆದರೂ ಕಾರಿನ ಕಂಪ್ಯೂಟರ್, ಅಲಾರಂ, ರಿಮೋಟ್ ಲಾಕ್, ಗಡಿಯಾರ ಎಲ್ಲ ಎಚ್ಚರವಾಗೇ ಇರುತ್ತವೆ. ಹೊಸ ಕಾರುಗಳಲ್ಲಿ ಇದು ಸಾಮಾನ್ಯವಾಗಿ 20ರಿಂದ 50 ಮಿಲಿಆಂಪ್ ಇರುತ್ತದೆ. ಕೇಳಲು ಏನೂ ಅಲ್ಲ. ಆದರೆ 50 ಮಿಲಿಆಂಪ್ ಅಂದರೆ ದಿನಕ್ಕೆ 1.2 ಎಎಚ್ (ಆಂಪ್-ಅವರ್; ಒಂದು ಆಂಪ್ ಕರೆಂಟ್ ಒಂದು ಗಂಟೆ ಹರಿದರೆ ಒಂದು ಎಎಚ್). ಸಣ್ಣ ಪೆಟ್ರೋಲ್ ಕಾರಿನ 35 ಎಎಚ್ ಬ್ಯಾಟರಿ ಹದಿನೈದೇ ದಿನದಲ್ಲಿ ಅರ್ಧಕ್ಕೆ ಬರುತ್ತದೆ. ಮೇಲೆ ಜಿಪಿಎಸ್ ಟ್ರ್ಯಾಕರ್, ಡ್ಯಾಶ್ ಕ್ಯಾಮೆರಾ ಹಾಕಿಸಿದ್ದರೆ ಇನ್ನೂ ಬೇಗ.

ಅರ್ಧಕ್ಕೆ ಬಂದದ್ದು ಮತ್ತೆ ಚಾರ್ಜ್ ಆಗುತ್ತದಲ್ಲ ಎಂದು ಕೇಳಬಹುದು. ಆಗುತ್ತದೆ, ಬೇಗ ಮಾಡಿದರೆ. ಇಳಿದ ಬ್ಯಾಟರಿಯ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಕೂರುತ್ತದೆ. ಕೂಡಲೇ ಚಾರ್ಜ್ ಮಾಡಿದರೆ ಅದು ಕರಗುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಗಟ್ಟಿ ಹರಳಾಗುತ್ತದೆ. ಆಮೇಲೆ ಏನು ಮಾಡಿದರೂ ಆ ಭಾಗ ಕೆಲಸಕ್ಕೆ ಬರುವುದಿಲ್ಲ. ಎರಡು ಮಳೆಗಾಲ ಹೀಗೆ ನಿಂತ ಬ್ಯಾಟರಿ ಚಾರ್ಜ್ ಆದಂತೆ ಕಂಡರೂ ಚಳಿಗಾಲದ ಒಂದು ಬೆಳಿಗ್ಗೆ ಕೈಕೊಡುತ್ತದೆ. ಇದನ್ನು ತಪ್ಪಿಸಲು ಬ್ಯಾಟರಿ ಯಾವಾಗಲೂ ತುಂಬಿಯೇ ಇರಬೇಕು. ಪ್ಯಾನಲ್ ಹಾಕುವುದು ಇದೊಂದಕ್ಕೇ.

ವಾರಕ್ಕೊಮ್ಮೆ ಹತ್ತು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಅದರಿಂದ ಬ್ಯಾಟರಿಗೆ ಹೆಚ್ಚು ಲಾಭವಿಲ್ಲ. ಸ್ಟಾರ್ಟಿಂಗಿಗೆ ಹೋದದ್ದು ಹೇಗೋ ವಾಪಸ್ ಬರಬಹುದು, ವಾರವಿಡೀ ಇಳಿದದ್ದು ಬರುವುದಿಲ್ಲ. ಬ್ಯಾಟರಿ ಒಂದಿಷ್ಟು ತುಂಬಬೇಕಾದರೆ ಗಾಡಿಯನ್ನು ಮುಕ್ಕಾಲು ಗಂಟೆಯಾದರೂ ರಸ್ತೆಯಲ್ಲಿ ಓಡಿಸಬೇಕು.

ಕೊಳ್ಳುವ ಮೊದಲು ಅಳೆಯಿರಿ

ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಬೇಕು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಕಡಿಮೆ ಬೆಲೆಯದ್ದೇ ಸಾಕು, ಆದರೆ ಅದರಲ್ಲಿ 10 ಆಂಪ್ ಅಳೆಯುವ ತೂತು ಇರಲಿ.

ಮೊದಲು ವೋಲ್ಟೇಜ್. ಗಾಡಿ ರಾತ್ರಿಯೆಲ್ಲ ನಿಂತಿರಬೇಕು. ಆಗಷ್ಟೇ ಓಡಿಸಿ ಅಳೆದರೆ ಸುಳ್ಳು ಲೆಕ್ಕ ಬರುತ್ತದೆ. ಬೆಳಿಗ್ಗೆ ಬಾನೆಟ್ ಎತ್ತಿ, ಕೀ ಹಾಕದೆ, ಬ್ಯಾಟರಿಯ ಎರಡು ಟರ್ಮಿನಲ್ ನಡುವೆ ನೋಡಿ. 12.6 ಅಥವಾ ಮೇಲಿದ್ದರೆ ತುಂಬಿದೆ. 12.4 ಅಂದರೆ ಮುಕ್ಕಾಲು. 12.2 ಅರ್ಧ. 12ಕ್ಕೆ ಬಂದಿದ್ದರೆ ಕಾಲು ಭಾಗ ಮಾತ್ರ ಉಳಿದಿದೆ. 11.8ಕ್ಕಿಂತ ಕೆಳಗಿದ್ದರೆ ಖಾಲಿ ಎಂದೇ ತಿಳಿಯಿರಿ.

12.4ಕ್ಕಿಂತ ಕಡಿಮೆ ಇದ್ದರೆ ಪ್ಯಾನಲ್ ಮಾತು ಆಮೇಲೆ. ಮೊದಲು ಬ್ಯಾಟರಿ ಅಂಗಡಿಗೆ ಕೊಟ್ಟು ಫುಲ್ ಚಾರ್ಜ್ ಮಾಡಿಸಿ. ಇಪ್ಪತ್ತು ವ್ಯಾಟಿನ ಪ್ಯಾನಲ್ ತುಂಬಿದ ಬ್ಯಾಟರಿಯನ್ನು ತುಂಬಿದಂತೆ ಇಡಬಲ್ಲದು. ಖಾಲಿ ಬ್ಯಾಟರಿಯನ್ನು ಮಳೆಗಾಲದಲ್ಲಿ ಮೇಲೆತ್ತುವ ಶಕ್ತಿ ಅದಕ್ಕಿಲ್ಲ.

ಇನ್ನು ಗಾಡಿ ಎಷ್ಟು ಕರೆಂಟ್ ಎಳೆಯುತ್ತದೆ ಎಂದು ನೋಡಬೇಕು. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಪ್ಯಾನಲ್ ಸಾಲದೆ ಬರುವುದು ಹೆಚ್ಚಾಗಿ ಇಲ್ಲೇ.

ಎಲ್ಲ ಬಾಗಿಲು ಹಾಕಿ. ಬಾನೆಟ್ ತೆರೆದಿರಲಿ. ಬಾನೆಟ್ಟಿನೊಳಗೆ ಲೈಟ್ ಇದ್ದರೆ ಅದರ ಬಲ್ಬ್ ತೆಗೆದಿಡಿ. ರಿಮೋಟ್ ಕೀಯನ್ನು ಮನೆಯೊಳಗೆ ದೂರ ಇಡಿ. ಮೀಟರಿನ ಕೆಂಪು ವೈರನ್ನು 10 ಆಂಪ್ ತೂತಿಗೆ ಹಾಕಿ. ಬ್ಯಾಟರಿಯ ಮೈನಸ್ ಕ್ಲಾಂಪ್ ಬಿಚ್ಚಿ. ಮೀಟರಿನ ಒಂದು ಮುಳ್ಳು ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಬಿಚ್ಚಿದ ಕ್ಲಾಂಪಿಗೆ. ಈಗ ಗಾಡಿಯ ಕರೆಂಟೆಲ್ಲ ಮೀಟರ್ ಮೂಲಕ ಹರಿಯುತ್ತದೆ. ಈ ಹೊತ್ತಲ್ಲಿ ಯಾರೂ ಬಾಗಿಲು ತೆಗೆಯಬಾರದು, ಸ್ಟಾರ್ಟ್ ಅಂತೂ ಮಾಡಲೇಬಾರದು. ಮಾಡಿದರೆ ಮೀಟರಿನ ಫ್ಯೂಸ್ ಹೋಗುತ್ತದೆ.

ಮೊದಲಿಗೆ ದೊಡ್ಡ ಅಂಕಿ ಕಾಣುತ್ತದೆ. ಗಾಬರಿ ಬೇಡ. ಕಾರಿನ ಕಂಪ್ಯೂಟರುಗಳು ಒಂದೊಂದಾಗಿ ಮಲಗಲು ಅರ್ಧ ಗಂಟೆ ಬೇಕಾಗಬಹುದು. ಕಾಫಿ ಕುಡಿದು ಬಂದು ನೋಡಿ. ಮೀಟರಿನಲ್ಲಿ 0.03 ಕಂಡರೆ 30 ಮಿಲಿಆಂಪ್. ಇದು ಸರಿ. 0.05 ಮೀರಿದರೆ ಏನೋ ಹೆಚ್ಚುವರಿ ಎಳೆಯುತ್ತಿದೆ. ಫ್ಯೂಸ್ ಬಾಕ್ಸಿನಲ್ಲಿ ಒಂದೊಂದೇ ಫ್ಯೂಸ್ ಎಳೆದು ನೋಡಿ. ಯಾವುದನ್ನು ತೆಗೆದಾಗ ಅಂಕಿ ಧೊಪ್ಪೆಂದು ಬೀಳುತ್ತದೋ ಆ ದಾರಿಯಲ್ಲಿ ಕಳ್ಳ ಇದ್ದಾನೆ. ಹೊರಗಿನಿಂದ ಹಾಕಿಸಿದ ಮ್ಯೂಸಿಕ್ ಸಿಸ್ಟಮ್ಮೇ ಎಷ್ಟೋ ಸಲ ಕಾರಣ. ಅದನ್ನು ಸರಿಮಾಡಿಸದೆ ದೊಡ್ಡ ಪ್ಯಾನಲ್ ಕೊಂಡರೆ ದುಡ್ಡು ದಂಡ.

ನಿಮಗೆ ಸೋಲಾರ್ ಬೇಕೇ ಬೇಕಾ?

ಕೆಲವರಿಗೆ ಬೇಡ. ಕಂಪ್ಯೂಟರ್ ಇಲ್ಲದ ಹಳೆ ಜೀಪ್, ಹಳೆ ಟ್ರ್ಯಾಕ್ಟರ್ ಆದರೆ ಮೈನಸ್ ಕ್ಲಾಂಪ್ ಬಿಚ್ಚಿಟ್ಟರೆ ಸಾಕು. ಪದೇ ಪದೇ ಸ್ಪ್ಯಾನರ್ ಹಿಡಿಯಲು ಬೇಜಾರಾದರೆ ಕಟ್-ಆಫ್ ಸ್ವಿಚ್ ಹಾಕಿಸಿ. ಎರಡು ಮೂರು ತಿಂಗಳಿಗೊಮ್ಮೆ ಚಾರ್ಜ್ ಮಾಡಿಸಿದರೆ ಆಯಿತು.

ಶೆಡ್ಡಿನಲ್ಲಿ ಪ್ಲಗ್ ಪಾಯಿಂಟ್ ಇದ್ದು, ಕರೆಂಟ್ ಒಂದೆರಡು ದಿನಕ್ಕಿಂತ ಜಾಸ್ತಿ ಹೋಗುವುದಿಲ್ಲ ಅಂದರೆ ಪ್ಲಗ್ಗಿಗೆ ಚುಚ್ಚಿಟ್ಟು ಬ್ಯಾಟರಿಯನ್ನು ತುಂಬಿದಂತೆ ಇಡುವ ಸಣ್ಣ ಫ್ಲೋಟ್ ಚಾರ್ಜರ್ ಇನ್ನೂ ಸುಲಭ. ಬಿಸಿಲಿನ ಗೊಡವೆಯೇ ಇಲ್ಲ. ಆದರೆ ಮರ ಬಿದ್ದು ವಾರಗಟ್ಟಲೆ ಲೈನ್ ಇಲ್ಲದ ಊರುಗಳು ನಮ್ಮಲ್ಲಿ ಎಷ್ಟಿಲ್ಲ? ಗಾಡಿ ನಿಲ್ಲುವ ಜಾಗ ಮನೆಯಿಂದ ದೂರ, ಅಲ್ಲಿಗೆ ವೈರಿಂಗ್ ಇಲ್ಲ, ಗಾಡಿಯೋ ಟರ್ಮಿನಲ್ ಬಿಚ್ಚಿದರೆ ಅಲಾರಂ, ಗಡಿಯಾರ, ಪವರ್ ವಿಂಡೋ ಎಲ್ಲ ಮತ್ತೆ ಹೊಂದಿಸಬೇಕಾದ ಹೊಸ ಕಾರು. ಸೋಲಾರ್ ಇಂಥವರಿಗೆ.

ಎಷ್ಟು ವ್ಯಾಟ್?

ಅಳೆದ ಅಂಕಿ ಈಗ ಕೈಯಲ್ಲಿದೆ. 25 ಮಿಲಿಆಂಪ್ ಎಳೆಯುವ, 35 ಎಎಚ್ ಬ್ಯಾಟರಿಯ ಕಾರನ್ನೇ ತೆಗೆದುಕೊಳ್ಳೋಣ. ಕಾರು ಎಳೆಯುವುದು ದಿನಕ್ಕೆ 0.6 ಎಎಚ್. ಬ್ಯಾಟರಿ ತಾನಾಗಿ ಇಳಿಯುವುದು ದಿನಕ್ಕೆ 0.06ರಷ್ಟು. ಪ್ಯಾನಲ್ಲಿಗೂ ಬ್ಯಾಟರಿಗೂ ನಡುವೆ ಕೂತು ಚಾರ್ಜನ್ನು ಹತೋಟಿಯಲ್ಲಿಡುವ ಚಾರ್ಜ್ ಕಂಟ್ರೋಲರ್ ಕೂಡ ತನಗಾಗಿ ಒಂದಿಷ್ಟು ತಿನ್ನುತ್ತದೆ. ಅದು 10 ಮಿಲಿಆಂಪ್ ಆದರೆ ದಿನಕ್ಕೆ 0.24. ಒಟ್ಟು ಸುಮಾರು 0.9 ಎಎಚ್. ಪ್ರತಿದಿನ ಇಷ್ಟು ವಾಪಸ್ ಬರಲೇಬೇಕು.

ಹತ್ತು ವ್ಯಾಟಿನ '12 ವೋಲ್ಟ್' ಪ್ಯಾನಲ್ ನಿಜಕ್ಕೂ ಕೆಲಸ ಮಾಡುವುದು 17-18 ವೋಲ್ಟಿನಲ್ಲಿ. ಖಡಕ್ ಬಿಸಿಲಲ್ಲಿ ಸುಮಾರು 0.55 ಆಂಪ್ ಕೊಡುತ್ತದೆ. ಮಾರ್ಚ್ ತಿಂಗಳಲ್ಲಿ ಐದು ಗಂಟೆಯ ಪೂರ್ಣ ಬಿಸಿಲಿಗೆ ಸಮನಾದ ಬೆಳಕು ಸಿಕ್ಕರೆ 2.75 ಎಎಚ್. ಬೇಕಾದ್ದಕ್ಕಿಂತ ಮೂರು ಪಟ್ಟು. ಅಂಗಡಿಯವನು ಹತ್ತು ವ್ಯಾಟ್ ಸಾಕು ಅನ್ನುವುದು ಇದೇ ಲೆಕ್ಕದ ಮೇಲೆ. ಕಡೂರು, ಅರಸೀಕೆರೆ, ಚನ್ನರಾಯಪಟ್ಟಣದವರಿಗೆ ಆ ಮಾತು ಸರಿ.

ಈಗ ಕೊಟ್ಟಿಗೆಹಾರದ ಪುನರ್ವಸು ಮಳೆಯ ಒಂದು ದಿನ ನೆನೆಸಿಕೊಳ್ಳಿ. ಹಗಲಲ್ಲೇ ದೀಪ ಹಾಕಬೇಕು. ಅಂಥ ದಟ್ಟ ಮೋಡದಲ್ಲಿ ಪ್ಯಾನಲ್ ತನ್ನ ಶಕ್ತಿಯ ಹತ್ತು ಇಪ್ಪತ್ತು ಪರ್ಸೆಂಟ್ ಕೊಟ್ಟರೆ ಹೆಚ್ಚು. ಎಂಟು ಗಂಟೆ ಬೆಳಕಿಗೆ ಹತ್ತು ವ್ಯಾಟಿನಿಂದ 0.44ರಿಂದ 0.88 ಎಎಚ್ ಬರುತ್ತದೆ. ಅಂದರೆ ಖರ್ಚಿಗೆ ಸಾಲದು, ಅಥವಾ ಅಲ್ಲಿಂದಲ್ಲಿಗೆ. ಇಪ್ಪತ್ತು ವ್ಯಾಟ್ ಹಾಕಿದರೆ ಕೆಟ್ಟ ದಿನದಲ್ಲೂ ಹೆಚ್ಚುಕಡಿಮೆ ಸರಿದೂಗುತ್ತದೆ. ನಡುವೆ ಎರಡು ದಿನ ಹೊಳವಾದರೆ ಬಾಕಿ ತೀರುತ್ತದೆ.

ಹಾಗಾಗಿ ನನ್ನ ಸಲಹೆ: ಬಯಲುಸೀಮೆಯ ಕಡೆ ಸಣ್ಣ ಕಾರಿಗೆ ಹತ್ತು ವ್ಯಾಟ್, ಮಲೆನಾಡಿನ ಕಡೆ ಇಪ್ಪತ್ತು. ಟ್ರ್ಯಾಕರ್ ಇರುವ ದೊಡ್ಡ ಡೀಸೆಲ್ ಗಾಡಿ 80 ಮಿಲಿಆಂಪ್ ಎಳೆಯುತ್ತಿದ್ದರೆ ಮಲೆನಾಡಿನಲ್ಲಿ ನಲವತ್ತು ವ್ಯಾಟ್ ಬೇಕಾಗುತ್ತದೆ. ಅದಕ್ಕಿಂತ ದೊಡ್ಡದು ಬೇಡ. ಪ್ಯಾನಲ್, ಕಂಟ್ರೋಲರ್, ವೈರ್ ಎಲ್ಲ ಸೇರಿ ಹೊಸ ಬ್ಯಾಟರಿಯ ಅರ್ಧ ಬೆಲೆ ದಾಟುತ್ತಿದ್ದರೆ ಇನ್ನೊಮ್ಮೆ ಯೋಚಿಸಿ.

ಗಟ್ಟಿ ಗಾಜು, ಅಲ್ಯೂಮಿನಿಯಂ ಫ್ರೇಮ್ ಇರುವ ಪ್ಯಾನಲ್ಲೇ ತೆಗೆದುಕೊಳ್ಳಿ. ಡ್ಯಾಶ್‌ಬೋರ್ಡ್ ಮೇಲೆ ಇಟ್ಟು ಲೈಟರ್ ಸಾಕೆಟ್ಟಿಗೆ ಚುಚ್ಚುವ ಪುಟಾಣಿ ಪ್ಯಾನಲ್‌ಗಳು ಆನ್‌ಲೈನಲ್ಲಿ ಬಹಳ ಸಿಗುತ್ತವೆ. ಅವನ್ನು ನಂಬಬೇಡಿ. ಒಂದನೆಯದು, ಅವು ಒಂದೆರಡು ವ್ಯಾಟ್ ಮಾತ್ರ. ಎರಡನೆಯದು, ವಿಂಡ್‌ಶೀಲ್ಡ್ ಗಾಜು ಬೆಳಕಿನಲ್ಲಿ ಪಾಲು ತಿನ್ನುತ್ತದೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಕೀ ತೆಗೆದ ಕೂಡಲೇ ಬಹುತೇಕ ಕಾರುಗಳ ಆ ಸಾಕೆಟ್ ಬಂದ್ ಆಗುತ್ತದೆ. ಪ್ಯಾನಲ್ಲಿನ ಕರೆಂಟ್ ಬ್ಯಾಟರಿಗೆ ತಲುಪುವುದೇ ಇಲ್ಲ.

ಕಂಟ್ರೋಲರ್ ಬಿಡಬೇಡಿ

ಪ್ಯಾನಲ್ಲನ್ನು ನೇರ ಬ್ಯಾಟರಿಗೆ ಕೊಡಬಹುದಲ್ಲ ಅನ್ನುವವರಿದ್ದಾರೆ. ಖಾಲಿ ಬಿಟ್ಟ ಪ್ಯಾನಲ್ಲಿನ ವೋಲ್ಟೇಜ್ 21ರ ಮೇಲಿರುತ್ತದೆ. ಬೇಸಿಗೆಯಲ್ಲಿ ತುಂಬಿದ ಬ್ಯಾಟರಿಗೆ ಅದು ತಿಂಗಳುಗಟ್ಟಲೆ ಒತ್ತುತ್ತಿದ್ದರೆ ಒಳಗಿನ ನೀರು ಅನಿಲವಾಗಿ ಹೋಗಿ ಪ್ಲೇಟು ಬರಿದಾಗುತ್ತದೆ. ರಾತ್ರಿ ಉಲ್ಟಾ ಆಟ. ತಡೆಯುವ ಡಯೋಡ್ ಇಲ್ಲದಿದ್ದರೆ ಬ್ಯಾಟರಿಯೇ ಪ್ಯಾನಲ್ಲಿಗೆ ಸೋರುತ್ತದೆ. ಕಂಟ್ರೋಲರ್ ಎರಡನ್ನೂ ನೋಡಿಕೊಳ್ಳುತ್ತದೆ.

ಇಷ್ಟು ಸಣ್ಣ ಕೆಲಸಕ್ಕೆ ಪಿಡಬ್ಲ್ಯೂಎಂ ಜಾತಿಯ (ಕರೆಂಟನ್ನು ಬಿಟ್ಟು ಬಿಟ್ಟು ಕೊಡುವ ಸರಳ ಬಗೆ) 5 ಅಥವಾ 10 ಆಂಪ್ ಕಂಟ್ರೋಲರ್ ಸಾಕು. ಪ್ಯಾನಲ್ಲಿನ ಶಕ್ತಿಯನ್ನು ಆದಷ್ಟೂ ಹಿಂಡುವ ಎಂಪಿಪಿಟಿ ಬಗೆ ದುಬಾರಿ, ಇಲ್ಲಿ ಅದರಿಂದ ಸಿಗುವ ಲಾಭ ಅತ್ಯಲ್ಪ. ನೋಡಬೇಕಾದ್ದು ಬೇರೆ. ಬ್ಯಾಟರಿ ಬಗೆ ಆರಿಸಿಕೊಳ್ಳುವ ವ್ಯವಸ್ಥೆ ಇರಬೇಕು: ನೀರು ಹಾಕುವ ಬ್ಯಾಟರಿಯೋ, ಸೀಲ್ ಆದದ್ದೋ, ಜೆಲ್ಲೋ. ಫ್ಲೋಟ್ ವೋಲ್ಟೇಜ್ (ತುಂಬಿದ ಬ್ಯಾಟರಿಯನ್ನು ತುಂಬಿದಂತೆಯೇ ಇಡಲು ಕೊಡುವ ವೋಲ್ಟೇಜ್) ಹೊಂದಿಸಲು ಬಂದರೆ 13.5ರಿಂದ 13.7ರ ನಡುವೆ ಇಡಿ. ತನಗಾಗಿ ಎಷ್ಟು ಕರೆಂಟ್ ತಿನ್ನುತ್ತದೆ ಎಂದು ಕೈಪಿಡಿಯಲ್ಲಿ ಬರೆದಿರುತ್ತದೆ. 10 ಮಿಲಿಆಂಪಿಗಿಂತ ಕಡಿಮೆ ಇದ್ದಷ್ಟೂ ಒಳ್ಳೆಯದು.

ಯಾರನ್ನು ಕೇಳುವುದು ಅಂದರೆ, ಆನೆ ಕಾಟಕ್ಕೆ ತೋಟದ ಸುತ್ತ ಸೋಲಾರ್ ಬೇಲಿ ಹಾಕುವವರನ್ನು ಕೇಳಿ. ಸಕಲೇಶಪುರ, ಆಲೂರು ಕಡೆ ಇಂಥವರು ಸಿಗುತ್ತಾರೆ. ಬೇಲಿಯ ಪೆಟ್ಟಿಗೆಗೂ ಪ್ಯಾನಲ್, ಕಂಟ್ರೋಲರ್, 12 ವೋಲ್ಟ್ ಬ್ಯಾಟರಿಯೇ ಜೋಡಿ. ಮಳೆಯಲ್ಲಿ ಏನು ಕೆಡುತ್ತದೆ ಎಂದು ಅವರಿಗೆ ಗೊತ್ತಿರುತ್ತದೆ. ಹಾಗಂತ ಬೇಲಿಯ ಬ್ಯಾಟರಿಯಿಂದಲೇ ಕಾರಿಗೆ ಲೈನ್ ಎಳೆಯಲು ಹೋಗಬೇಡಿ. ಎರಡೂ ಕೆಡುತ್ತವೆ.

ಪ್ಯಾನಲ್ ಎಲ್ಲಿ, ಯಾವ ಕಡೆಗೆ

ಸಣ್ಣ ಪ್ಯಾನಲ್ಲಿನಲ್ಲಿ ಸಾಮಾನ್ಯವಾಗಿ 36 ಸೆಲ್ಲುಗಳು ಒಂದರ ಹಿಂದೊಂದು ಸಾಲಾಗಿ ಜೋಡಿಸಿರುತ್ತವೆ. ಒಂದೇ ಸೆಲ್ಲಿನ ಮೇಲೆ ಅಂಗೈ ಅಗಲದ ಎಲೆ ಕೂತರೂ ಇಡೀ ಸಾಲಿನ ಹರಿವು ಕುಸಿಯುತ್ತದೆ. ಅರ್ಧ ನೆರಳಿದ್ದರೆ ಅರ್ಧ ಕರೆಂಟ್ ಬರುತ್ತದೆ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಸಿಲ್ವರ್ ಓಕ್ ನೆರಳು ಬೀಳುವ ಕಡೆ ಇಟ್ಟ ನಲವತ್ತು ವ್ಯಾಟಿಗಿಂತ ತೆರೆದ ಕಡೆ ಇಟ್ಟ ಹತ್ತು ವ್ಯಾಟ್ ಮೇಲು.

ತೋಟದ ಮನೆಯಲ್ಲಿ ನೆರಳಿಲ್ಲದ ಜಾಗ ಯಾವುದು? ಕಣ. ಕಾಫಿ ಒಣಗಿಸಲೆಂದೇ ಬಿಸಿಲು ನೋಡಿ ಮಾಡಿದ ಜಾಗ ಅದು. ಕಣದ ಅಂಚಿನ ಗೋಡೌನ್ ಮಾಡಿನ ಮೇಲೆ ಪ್ಯಾನಲ್ ಕೂರಿಸಿ, ಅಲ್ಲಿಂದ ಶೆಡ್ಡಿಗೆ ವೈರ್ ಎಳೆಯಿರಿ. ಹತ್ತು ಮೀಟರ್ ದೂರ ಇದ್ದರೂ 1.5 ಸ್ಕ್ವೇರ್ ಎಂಎಂ ತಾಮ್ರದ ವೈರಿನಲ್ಲಿ ಹತ್ತು ವ್ಯಾಟಿಗೆ ಕಳೆದುಹೋಗುವುದು 0.15 ವೋಲ್ಟಿಗಿಂತ ಕಡಿಮೆ. ಗಾಡಿಯನ್ನು ಬಿಸಿಲಿಗೆ ತರುವ ಬದಲು ವೈರನ್ನು ಬಿಸಿಲಿಗೆ ಒಯ್ಯಿರಿ. ಗಾಡಿ ಶೆಡ್ಡಿನ ನೆರಳಲ್ಲೇ ತಂಪಾಗಿರಲಿ.

ದಿಕ್ಕಿನ ವಿಷಯ. ಪ್ಯಾನಲ್ ದಕ್ಷಿಣಕ್ಕೆ ಬಾಗಿರಬೇಕು ಎಂದು ಎಲ್ಲ ಕಡೆ ಓದುತ್ತೀರಿ. ಇಡೀ ವರ್ಷದ ಲೆಕ್ಕಕ್ಕೆ ಅದು ಸರಿ. ಹಾಸನ, ಚಿಕ್ಕಮಗಳೂರು ಇರುವುದು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೆ ಇರುತ್ತಾನೆ. ಜೂನ್ 21ಕ್ಕೆ ಹತ್ತು ಡಿಗ್ರಿಯಷ್ಟು ಉತ್ತರಕ್ಕೆ. ಅಂದರೆ ನಮಗೆ ಬೇಕಾದ ಕಾಲದಲ್ಲೇ ದಕ್ಷಿಣಕ್ಕೆ ಜಾಸ್ತಿ ಬಾಗಿಸಿದ ಪ್ಯಾನಲ್ ಸೂರ್ಯನಿಗೆ ಬೆನ್ನು ತಿರುಗಿಸಿದಂತೆ. ಜೊತೆಗೆ ಮೋಡದ ದಿನ ಬೆಳಕು ಒಂದು ದಿಕ್ಕಿನಿಂದ ಬರುವುದಿಲ್ಲ, ಇಡೀ ಆಕಾಶದಿಂದ ಬರುತ್ತದೆ. ಆಗ ಮಲಗಿದ ಪ್ಯಾನಲ್ಲಿಗೆ ಆಕಾಶ ಹೆಚ್ಚು ಕಾಣುತ್ತದೆ.

ಆದರೆ ಪೂರ್ತಿ ಚಪ್ಪಟೆ ಇಟ್ಟರೆ ನೀರು ನಿಂತು ಪಾಚಿ ಕಟ್ಟುತ್ತದೆ. ಹತ್ತು ಡಿಗ್ರಿ ಇಳಿಜಾರು ಕೊಡಿ, ನೀರು ಹರಿದುಹೋಗುವಷ್ಟು ಮಾತ್ರ. ಅಷ್ಟು ಸಣ್ಣ ಇಳಿಜಾರು ಯಾವ ದಿಕ್ಕಿಗಿದ್ದರೂ ಅಂಥಾ ವ್ಯತ್ಯಾಸವಿಲ್ಲ. ಡಿಸೆಂಬರ್‌ನಲ್ಲಿ ಸ್ವಲ್ಪ ಕಡಿಮೆ ಬರುತ್ತದೆ, ಆದರೆ ಆಗ ಬಿಸಿಲೂ ಧಾರಾಳ, ಗಾಡಿಗಳೂ ಓಡಾಡುತ್ತಿರುತ್ತವೆ.

ಶೆಡ್ಡಿನ ಫೈಬರ್ ಶೀಟ್ ಕೆಳಗೆ ಪ್ಯಾನಲ್ ಇಡುವ ಉಪಾಯ ಬೇಡ. ಎರಡು ಮಳೆ ಕಂಡ ಫೈಬರ್ ಶೀಟ್ ಹಸಿರಾಗಿರುತ್ತದೆ.

ಜೋಡಿಸುವ ಕ್ರಮ

ಬೇಕಾದ್ದು: ಪ್ಯಾನಲ್, ಕಂಟ್ರೋಲರ್, 1.5 ಸ್ಕ್ವೇರ್ ಎಂಎಂ ಕೆಂಪು ಮತ್ತು ಕಪ್ಪು ವೈರ್, ಫ್ಯೂಸ್ ಹೋಲ್ಡರ್ ಜೊತೆ 3 ಅಥವಾ 5 ಆಂಪಿನ ಫ್ಯೂಸ್, ಬೋಲ್ಟಿಗೆ ಕೂರುವ ರಿಂಗ್ ಲಗ್ಗುಗಳು, ಎಳೆದರೆ ಬಿಚ್ಚಿಕೊಳ್ಳುವ ಎರಡು ಪಿನ್ನಿನ ಕನೆಕ್ಟರ್, ಒಂದು ಸಣ್ಣ ಸ್ವಿಚ್, ವೈರ್ ಹಾಯಿಸಲು ಪಿವಿಸಿ ಪೈಪ್.

1. ಬ್ಯಾಟರಿ ಟರ್ಮಿನಲ್ ಸ್ವಚ್ಛ ಮಾಡಿ. ಹಸಿರು, ಬಿಳಿ ಪುಡಿ ಕಟ್ಟಿದ್ದರೆ ಅಡುಗೆ ಸೋಡಾ ಕದಡಿದ ನೀರಲ್ಲಿ ಹಳೆ ಬ್ರಶ್ ಹಾಕಿ ಉಜ್ಜಿ, ಒರೆಸಿ. ಮುಚ್ಚಳದೊಳಗೆ ಆ ನೀರು ಹೋಗದಂತೆ ನೋಡಿ. ಕೆಲಸ ಮುಗಿದ ಮೇಲೆ ವ್ಯಾಸಲೀನ್ ಹಚ್ಚಿ.

2. ಕೆಂಪು ವೈರಿಗೆ ಫ್ಯೂಸ್ ಹೋಲ್ಡರ್ ಸೇರಿಸಿ. ಅದು ಬ್ಯಾಟರಿಯಿಂದ ಒಂದು ಗೇಣಿನೊಳಗೇ ಇರಬೇಕು. ಎಲ್ಲಾದರೂ ಇಲಿ ವೈರ್ ಕಡಿದು ಬಾಡಿಗೆ ತಾಗಿದರೆ ಫ್ಯೂಸ್ ಹೋಗುತ್ತದೆ, ಗಾಡಿ ಉಳಿಯುತ್ತದೆ. ಬ್ಯಾಟರಿಯಲ್ಲಿ ನೂರಾರು ಆಂಪ್ ಕೊಡುವ ಬಲವಿದೆ ಅನ್ನುವುದನ್ನು ಮರೆಯಬೇಡಿ. ಈಗ ಫ್ಯೂಸ್ ಹಾಕಬೇಡಿ, ಹೋಲ್ಡರ್ ಖಾಲಿ ಇರಲಿ.

3. ಕೆಂಪು ವೈರಿನ ಲಗ್ಗನ್ನು ಪ್ಲಸ್ ಕ್ಲಾಂಪಿನ ಬೋಲ್ಟಿಗೆ ಕೊಡಿ. ಕಪ್ಪು ವೈರನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ ಕೊಡುವ ಬದಲು, ಬ್ಯಾಟರಿಯಿಂದ ತುಸು ದೂರದ ಬಾಡಿ ಅರ್ತ್ ಬೋಲ್ಟಿಗೆ ಕೊಡಿ. ಇದಕ್ಕೆ ಎರಡು ಕಾರಣ. ಬ್ಯಾಟರಿ ಬಳಿ ಹೈಡ್ರೋಜನ್ ಅನಿಲ ಇರಬಹುದು, ಕಿಡಿ ಅಲ್ಲಿ ಬೇಡ. ಇನ್ನೊಂದು, ಸಿಗ್ನಲ್ಲಿನಲ್ಲಿ ತಾನಾಗಿ ಆಫ್ ಆಗುವ ಹೊಸ ಕಾರುಗಳಲ್ಲಿ ಮೈನಸ್ ಕಂಬದ ಮೇಲೆ ಬ್ಯಾಟರಿ ಸೆನ್ಸರ್ ಇರುತ್ತದೆ. ಅದನ್ನು ದಾಟಿಸಿ ಚಾರ್ಜ್ ಕೊಟ್ಟರೆ ಕಾರಿನ ಲೆಕ್ಕ ತಪ್ಪುತ್ತದೆ.

4. ಎರಡೂ ವೈರನ್ನು ಬಾನೆಟ್ಟಿನ ಅಂಚಿನಿಂದ ಅಥವಾ ಗ್ರಿಲ್ ಕಡೆಯಿಂದ ಹೊರತಂದು ಕನೆಕ್ಟರ್ ಹಾಕಿ. ಫ್ಯಾನ್, ಬೆಲ್ಟ್, ಸೈಲೆನ್ಸರ್ ಪೈಪ್ ಬಳಿ ಹೋಗಬಾರದು. ಬ್ಯಾಟರಿ ಕಡೆಯ ಪ್ಲಸ್ ಪಿನ್ ಪ್ಲಾಸ್ಟಿಕ್ಕಿನೊಳಗೆ ಹುದುಗಿರಬೇಕು, ಹೊರಗೆ ಕಾಣಬಾರದು.

5. ಕಂಟ್ರೋಲರನ್ನು ಶೆಡ್ಡಿನ ಗೋಡೆಗೆ, ಇರಚಲು ಬಡಿಯದ ಕಡೆ ಕೂರಿಸಿ. ಬ್ಯಾಟರಿಯಿಂದ ಎರಡು ಮೀಟರಿನೊಳಗೆ ಇದ್ದರೆ ಒಳ್ಳೆಯದು, ಆಗ ಅದು ಬ್ಯಾಟರಿಯ ನಿಜವಾದ ವೋಲ್ಟೇಜ್ ನೋಡುತ್ತದೆ. ಪ್ಯಾನಲ್ಲಿನಿಂದ ಬರುವ ಕೆಂಪು ವೈರಿನ ದಾರಿಯಲ್ಲಿ ಸ್ವಿಚ್ ಹಾಕಿ, ಆಫ್ ಮಾಡಿಡಿ.

6. ಮೊದಲು ಬ್ಯಾಟರಿ, ಆಮೇಲೆ ಪ್ಯಾನಲ್. ಈ ಕ್ರಮ ತಪ್ಪಬಾರದು. ಬಹಳ ಕಂಟ್ರೋಲರುಗಳು 12 ವೋಲ್ಟೋ 24 ವೋಲ್ಟೋ ಎಂಬುದನ್ನು ಬ್ಯಾಟರಿ ನೋಡಿ ತಾವೇ ಗುರುತಿಸುತ್ತವೆ. ಮೊದಲು ಪ್ಯಾನಲ್ ಕೊಟ್ಟರೆ 20 ವೋಲ್ಟ್ ಕಂಡು ದಾರಿ ತಪ್ಪಬಹುದು. ಕಾರಿನ ಕನೆಕ್ಟರ್ ಸೇರಿಸಿ, ಫ್ಯೂಸ್ ಹಾಕಿ, ಕಂಟ್ರೋಲರಿನ ಪರದೆಯಲ್ಲಿ ಬ್ಯಾಟರಿ ವೋಲ್ಟೇಜ್ ಬಂತಾ ನೋಡಿ. ಬ್ಯಾಟರಿ ಬಗೆ ಆರಿಸಿ. ಆಮೇಲೆ ಪ್ಯಾನಲ್ ಸ್ವಿಚ್ ಆನ್.

7. ಕಂಟ್ರೋಲರಿನಲ್ಲಿ ಬಲ್ಬಿನ ಚಿತ್ರ ಇರುವ ಎರಡು ತೂತುಗಳನ್ನು ಖಾಲಿ ಬಿಡಿ. ಅವು ದೀಪ ಉರಿಸಲು, ಬ್ಯಾಟರಿ ಚಾರ್ಜಿಗಲ್ಲ.

ಇಲ್ಲೊಂದು ಎಚ್ಚರಿಕೆ. ಕಡಿಮೆ ಬೆಲೆಯ ಪಿಡಬ್ಲ್ಯೂಎಂ ಕಂಟ್ರೋಲರುಗಳಲ್ಲಿ ಒಳಗೆ ಪ್ಲಸ್ ವೈರುಗಳು ಒಂದೇ, ಪ್ಯಾನಲ್ ಮೈನಸ್ ಬೇರೆ, ಬ್ಯಾಟರಿ ಮೈನಸ್ ಬೇರೆ ಇರುತ್ತದೆ. ಪಿಕಪ್ಪಿನ ಮೇಲೇ ಪ್ಯಾನಲ್ ಕೂರಿಸುವವರು ಪ್ಯಾನಲ್ಲಿನ ಮೈನಸ್ ವೈರನ್ನು ಬಾಡಿಗೆ ತಾಗಿಸಬಾರದು. ತಾಗಿಸಿದರೆ ಕಂಟ್ರೋಲರ್ ಇದ್ದೂ ಇಲ್ಲದಂತೆ, ಬ್ಯಾಟರಿಗೆ ತಡೆಯೇ ಇಲ್ಲದೆ ಚಾರ್ಜ್ ಹೋಗುತ್ತದೆ.

ಗಾಡಿ ಹೊರಗೆ ತೆಗೆಯುವಾಗ ಉಲ್ಟಾ ಕ್ರಮ: ಪ್ಯಾನಲ್ ಸ್ವಿಚ್ ಆಫ್, ಆಮೇಲೆ ಕನೆಕ್ಟರ್ ಎಳೆಯುವುದು. ಸ್ಟೀರಿಂಗಿಗೆ 'ಮುಂದೆ ವೈರ್ ಇದೆ' ಎಂಬ ಚೀಟಿ ಕಟ್ಟಿ. ಡ್ರೈವರ್ ಬಂದು ಸೀದಾ ಹೊರಟರೂ ಕನೆಕ್ಟರ್ ಕಳಚಿಕೊಳ್ಳಲಿ ಎಂದೇ ಅಂಥದ್ದನ್ನು ಹಾಕಲು ಹೇಳಿದ್ದು.

ಕೆಲಸ ಮಾಡುತ್ತಿದೆಯಾ?

ಹೊಳವಿರುವ ದಿನ ಮಧ್ಯಾಹ್ನ ಬ್ಯಾಟರಿ ಟರ್ಮಿನಲ್ಲಿನಲ್ಲಿ ಅಳೆಯಿರಿ. 13.2ರಿಂದ 13.8 ಇದ್ದರೆ ತುಂಬಿದ ಬ್ಯಾಟರಿ ಆರಾಮಾಗಿದೆ. ಸ್ವಲ್ಪ ಹೊತ್ತು 14.4 ಕಂಡರೂ ಚಿಂತೆಯಿಲ್ಲ. 15ಕ್ಕೆ ಹೋದರೆ ಕೂಡಲೇ ಪ್ಯಾನಲ್ ಆಫ್ ಮಾಡಿ, ಕಂಟ್ರೋಲರ್ ಕೆಟ್ಟಿದೆ ಅಥವಾ ತಪ್ಪು ಸೆಟ್ಟಿಂಗಿನಲ್ಲಿದೆ.

ಮುಖ್ಯ ಪರೀಕ್ಷೆ ಬೆಳಿಗ್ಗೆ, ಪ್ಯಾನಲ್ಲಿಗೆ ಬೆಳಕು ಬೀಳುವ ಮೊದಲು. ಸತತ ಮಳೆಯ ವಾರದ ಕೊನೆಯಲ್ಲಿ 12.5 ಅಥವಾ ಮೇಲಿದ್ದರೆ ನಿಮ್ಮ ಲೆಕ್ಕ ಸರಿ. ವಾರದಿಂದ ವಾರಕ್ಕೆ 12.5, 12.4, 12.3 ಎಂದು ಇಳಿಯುತ್ತಾ ಹೋದರೆ ಪ್ಯಾನಲ್ ಸಾಲುತ್ತಿಲ್ಲ, ಇಲ್ಲವೇ ನೆರಳಿದೆ, ಇಲ್ಲವೇ ಗಾಡಿ ನೀವು ಅಳೆದದ್ದಕ್ಕಿಂತ ಜಾಸ್ತಿ ಎಳೆಯುತ್ತಿದೆ. ಪ್ಯಾನಲ್ ಮೇಲೆ ಅನುಮಾನ ಬಂದರೆ ಅದನ್ನು ಬಿಚ್ಚಿ ಒಂದನ್ನೇ ಅಳೆಯಿರಿ. ಒಳ್ಳೆಯ ಬಿಸಿಲಲ್ಲಿ 20 ವೋಲ್ಟ್ ಆಸುಪಾಸು ಬರಬೇಕು. ಮೀಟರನ್ನು 10 ಆಂಪಿಗೆ ಹಾಕಿ ಪ್ಲಸ್ ಮೈನಸ್ ಸೇರಿಸಿ ನೋಡಿದರೆ ಹತ್ತು ವ್ಯಾಟಿನದು ಅರ್ಧ ಆಂಪ್ ದಾಟಬೇಕು. ಹೀಗೆ ಸೇರಿಸುವುದು ಪ್ಯಾನಲ್ಲಿಗೆ ಮಾತ್ರ, ಬ್ಯಾಟರಿಗೆ ಎಂದಿಗೂ ಅಲ್ಲ.

ಬೈಕ್, ಟ್ರ್ಯಾಕ್ಟರ್, ಲಾರಿ

ಕಿಕ್ಕರ್ ಇಲ್ಲದ ಹೊಸ ಬೈಕುಗಳಿಗೆ ಇದು ಕಾರಿಗಿಂತಲೂ ಹೆಚ್ಚು ಉಪಯೋಗ. ಬ್ಯಾಟರಿ ನಾಲ್ಕರಿಂದ ಒಂಬತ್ತು ಎಎಚ್ ಅಷ್ಟೇ, ಬೇಗ ಇಳಿಯುತ್ತದೆ. ಐದು ವ್ಯಾಟ್ ಸಾಕು, ಮಲೆನಾಡಿನಲ್ಲಿ ಹತ್ತು. ಬೈಕಿಗೆ ಲಿಥಿಯಂ ಬ್ಯಾಟರಿ ಹಾಕಿಸಿದ್ದರೆ ಲೆಡ್ ಆಸಿಡ್ ಕಂಟ್ರೋಲರ್ ಕೊಡಬೇಡಿ, ಅದಕ್ಕೆಂದೇ ಮಾಡಿದ್ದು ಬೇಕು.

ಟ್ರ್ಯಾಕ್ಟರಿನ ಬ್ಯಾಟರಿ ದೊಡ್ಡದು, ಆದರೆ ಕಳ್ಳ ಕರೆಂಟ್ ಇಲ್ಲದಿದ್ದರೆ ಇಳಿತ ನಿಧಾನ. ಹತ್ತು ವ್ಯಾಟ್ ಧಾರಾಳ. ಡೀಸೆಲ್ ಜನರೇಟರಿನ ಸೆಲ್ಫ್ ಬ್ಯಾಟರಿಗೂ ಇದೇ ಮಾತು. ಮಳೆಗಾಲದಲ್ಲಿ ಕರೆಂಟ್ ಹೋದಾಗ ಜನರೇಟರೇ ಸ್ಟಾರ್ಟ್ ಆಗದಿದ್ದರೆ ಏನು ಪ್ರಯೋಜನ?

ಲಾರಿಗಳಲ್ಲಿ ಎರಡು ಬ್ಯಾಟರಿ ಸೇರಿ 24 ವೋಲ್ಟ್. ಒಂದೇ ಬಗೆಯ ಎರಡು ಪ್ಯಾನಲ್ಲುಗಳನ್ನು ಸಾಲಾಗಿ ಜೋಡಿಸಿ, 24 ವೋಲ್ಟ್ ತಾಳುವ ಕಂಟ್ರೋಲರ್ ಹಾಕಿ. ಎರಡರಲ್ಲಿ ಒಂದೇ ಬ್ಯಾಟರಿಗೆ 12 ವೋಲ್ಟ್ ಚಾರ್ಜ್ ಕೊಟ್ಟರೆ ಜೋಡಿ ಹದಗೆಡುತ್ತದೆ. ಎಲೆಕ್ಟ್ರಿಕ್ ಕಾರುಗಳಲ್ಲೂ 12 ವೋಲ್ಟಿನ ಸಣ್ಣ ಬ್ಯಾಟರಿ ಇರುತ್ತದೆ, ಆದರೆ ಅದನ್ನು ನೋಡಿಕೊಳ್ಳುವ ವ್ಯವಸ್ಥೆ ಕಾರಿನಲ್ಲೇ ಇದೆ. ಕಂಪನಿಯ ಕೈಪಿಡಿ ನೋಡದೆ ಕೈ ಹಾಕಬೇಡಿ.

ವರ್ಷವಿಡೀ ನೋಡಿಕೊಳ್ಳುವುದು

ಮೇ ಕೊನೆಗೆ ಒಮ್ಮೆ, ಮಳೆ ನಡುವೆ ಒಮ್ಮೆ ಪ್ಯಾನಲ್ ಒರೆಸಿ. ಮಲೆನಾಡಿನಲ್ಲಿ ಧೂಳಿಗಿಂತ ಪಾಚಿಯೇ ಶತ್ರು. ಫ್ರೇಮಿನ ಕೆಳ ಅಂಚಿನಲ್ಲಿ ಹಿಡಿಯಲು ಶುರುವಾಗಿ ಕೊನೆಯ ಸಾಲಿನ ಸೆಲ್ಲುಗಳನ್ನು ಮುಚ್ಚುತ್ತದೆ. ಮೆತ್ತನೆ ಬಟ್ಟೆ, ಸೋಪಿನ ನೀರು ಸಾಕು. ತಂತಿ ಬ್ರಶ್ ಹಾಕಿ ಗಾಜು ಗೀರಬೇಡಿ. ಮಾಡಿನ ಮೇಲೆ ಹತ್ತುವುದಾದರೆ ಪಾಚಿ ಹಿಡಿದ ಹಂಚು ಎಷ್ಟು ಜಾರುತ್ತದೆ ಎಂದು ಹೇಳಬೇಕಾಗಿಲ್ಲ. ಏಣಿಯಿಂದಲೇ ಕೈಗೆಟಕುವ ಅಂಚಿನಲ್ಲಿ ಮೊದಲೇ ಕೂರಿಸುವುದು ಜಾಣತನ.

ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನ ಸಂಜೆಗಳಲ್ಲಿ ಆಕಾಶ ಕಪ್ಪಾಗುವ ಮೊದಲೇ ಪ್ಯಾನಲ್ ಸ್ವಿಚ್ ಆಫ್ ಮಾಡಿ, ಕಾರಿನ ಕನೆಕ್ಟರನ್ನೂ ಎಳೆದುಬಿಡಿ. ಸಿಡಿಲು ಶುರುವಾದ ಮೇಲೆ ವೈರ್ ಮುಟ್ಟಬೇಡಿ. ಒಂದು ಸಂಜೆಯ ಚಾರ್ಜ್ ಹೋದರೆ ಏನೂ ಆಗದು.

ನೀರು ಹಾಕುವ ಬ್ಯಾಟರಿಯಾದರೆ ಎರಡು ತಿಂಗಳಿಗೊಮ್ಮೆ ಮಟ್ಟ ನೋಡಿ. ಇಳಿದಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ. ಬಾವಿ ನೀರೂ ಬೇಡ, ಆಸಿಡ್ಡೂ ಬೇಡ. ಪ್ಯಾನಲ್ ಹಾಕಿದ ಮೇಲೆ ನೀರು ಮೊದಲಿಗಿಂತ ಬೇಗ ಕಡಿಮೆಯಾಗುತ್ತಿದ್ದರೆ ಫ್ಲೋಟ್ ವೋಲ್ಟೇಜ್ ಜಾಸ್ತಿ ಇದೆ ಎಂದರ್ಥ, 13.5ಕ್ಕೆ ಇಳಿಸಿ.

ಪ್ಯಾನಲ್ ಸರಿ ಇದ್ದು, ಹಗಲು 13.6 ಕಂಡು, ಬೆಳಿಗ್ಗೆ ಮತ್ತೆ 12.2ಕ್ಕೆ ಬಿದ್ದಿದ್ದರೆ ಬ್ಯಾಟರಿಯ ಒಂದು ಸೆಲ್ ಹೋಗಿರುವ ಸಾಧ್ಯತೆ ಹೆಚ್ಚು. ಖಚಿತ ಮಾಡಿಕೊಳ್ಳಲು ಮೈನಸ್ ಕ್ಲಾಂಪ್ ಬಿಚ್ಚಿಟ್ಟು ಒಂದು ರಾತ್ರಿ ಬಿಡಿ. ಆಗಲೂ ಅಷ್ಟೇ ಬಿದ್ದರೆ ಗಾಡಿಯದ್ದಲ್ಲ, ಬ್ಯಾಟರಿಯದ್ದೇ ತಪ್ಪು. ಅಂಥದ್ದನ್ನು ಸೋಲಾರ್ ಬದುಕಿಸುವುದಿಲ್ಲ. ಅಂಗಡಿಗೆ ಒಯ್ದು ಲೋಡ್ ಟೆಸ್ಟ್ (ಜಾಸ್ತಿ ಕರೆಂಟ್ ಎಳೆದು ಬ್ಯಾಟರಿ ತಾಳುತ್ತದಾ ನೋಡುವುದು) ಮಾಡಿಸಿ. ಬದಲಾಯಿಸಲೇಬೇಕಾದರೆ ಹಳೆಯದನ್ನು ಅಲ್ಲೇ ಕೊಡಿ, ಸೀಸಕ್ಕೆ ಬೆಲೆ ಇರುವುದರಿಂದ ಹೊಸದರಲ್ಲಿ ಒಂದಿಷ್ಟು ಕಡಿತ ಸಿಗುತ್ತದೆ. ಹೊಸ ಬ್ಯಾಟರಿ ಬಂದ ದಿನವೇ ಕನೆಕ್ಟರ್ ಸೇರಿಸಿಬಿಡಿ.